ಅಂಚಿನ ಕಡೆಯ ಬಾಣ

ಆ ಮನೆಯಲ್ಲಿ ಬಾಗಿಲು ಹಾಕಿಕೊಂಡು ಒಬ್ಬಳೇ ಕೂರಬಹುದಾದ ಜಾಗ ಅಂತಿದ್ದದ್ದು ಒಂದೇ, ಶೆಡ್ಡಿನಲ್ಲಿ ನಿಂತ ತಾತನ ಕಾರು. ಬಚ್ಚಲಿಗೂ ಚಿಲಕವಿತ್ತು, ಇಲ್ಲವೆನ್ನುವಂತಿಲ್ಲ. ಆದರೆ ಟೇಲರಮ್ಮ ಒಳಗೆ ಹೋಗಿ ಮುಖಕ್ಕೆ ನೀರು ಹಾಕಿಕೊಳ್ಳುವಷ್ಟರಲ್ಲಿ "ಅಮ್ಮಾ, ಇವಳು ನನ್ನ ರಬ್ಬರ್ ನುಂಗಿಬಿಟ್ಳು" ಎಂದು ಅವಳಿ ಹೆಣ್ಣುಮಕ್ಕಳಲ್ಲಿ ಒಬ್ಬಳು, "ನುಂಗಿಲ್ಲಮ್ಮಾ, ಬರೀ ಕಚ್ಚಿದ್ದು" ಎಂದು ಇನ್ನೊಬ್ಬಳು ಬಾಗಿಲಿಗೆ ಬಾಯಿ ಹಚ್ಚಿ ನಿಲ್ಲುತ್ತಿದ್ದರು. ಅವರ ಹಿಂದೆ "ರಬ್ಬರ್ ನುಂಗಿದ್ರೆ ಏನು ಮಾಡ್ಬೇಕು ಅಂತ ಫೋನಲ್ಲಿ ನೋಡ್ತಿದೀನಿ, ತಡಿ" ಎನ್ನುವ ಗಂಡ.

ಕಾರಿನ ಬಾಗಿಲು ಹಾಗಲ್ಲ. ಧಡ್ ಎಂದು ಎಳೆದುಕೊಂಡರೆ ಲೋಕವೆಲ್ಲ ಆಚೆ, ತಾನೊಬ್ಬಳು ಈಚೆ. ಕಾರು ಅವಳ ಅಪ್ಪನದು. ಮಕ್ಕಳು ತಾತನ ಕಾರು ಎಂದದ್ದೇ ಮನೆಮಂದಿಗೆಲ್ಲ ರೂಢಿಯಾಗಿತ್ತು. ಬೆಣ್ಣೆಯ ಬಣ್ಣ, ದುಂಡು ಬೆನ್ನು, ಸೋಫಾದಂಥ ಸೀಟು. ಮಧ್ಯಾಹ್ನ ಬಟ್ಟೆ ಕತ್ತರಿಸಿ ಮುಗಿಸಿ ಹೊಲಿಗೆಗೆ ಕೂರುವ ಮೊದಲು ಟೇಲರಮ್ಮ ಲೋಟದ ತುಂಬ ಟೀ ಹಿಡಿದು "ಬ್ಯಾಟರಿ ನೋಡ್ಕೊಂಡು ಬರ್ತೀನಿ" ಎಂದು ಶೆಡ್ಡಿಗೆ ಹೋಗುತ್ತಿದ್ದಳು. ಪಕ್ಕದ ಸೀಟಿನ ಮೇಲೆ ಕಾಲು ಚಾಚಿ, ಕಣ್ಣು ಮುಚ್ಚಿ, ಯಾರ ಅಮ್ಮನೂ ಆಗದೆ ಟೀ ಕುಡಿದು ಬರುತ್ತಿದ್ದಳು. ಅಷ್ಟು ಆರೈಕೆ ಕಂಡ ಬ್ಯಾಟರಿ ಲೋಕದಲ್ಲಿ ಇನ್ನೊಂದಿರಲಿಕ್ಕಿಲ್ಲ. ಒಂದೇ ಕಿರಿಕಿರಿಯೆಂದರೆ, ಆಗಾಗ ಹಿಂದಿನ ಸೀಟಿನಲ್ಲಿ ಕಿತ್ತಳೆ ಸಿಪ್ಪೆ ಬಿದ್ದಿರುತ್ತಿತ್ತು. ಅವಳಿಗಳನ್ನು ಕರೆದು ಗದರಿದರೆ ಇಬ್ಬರೂ ಕಣ್ಣರಳಿಸಿ, "ನಾವಲ್ಲಮ್ಮಾ, ಆಣೆ" ಎನ್ನುತ್ತಿದ್ದರು. ಆ ಇಬ್ಬರ ಆಣೆಗೆ ಮನೆಯಲ್ಲಿ ಬೆಲೆಯಿರಲಿಲ್ಲ.

ಈ ಸುಖಕ್ಕೆ ಕಲ್ಲು ಹಾಕಿದವನು ಮೈದುನ.

"ಅತ್ತಿಗೆ, ನನ್ನ ಹೊಸ ಕಾರು ಬರ್ತಿದೆಯಲ್ಲ, ಶೆಡ್ ಬೇಕಾಗುತ್ತೆ" ಎಂದ, ಊಟದ ನಡುವೆ, ಉಪ್ಪು ಕೇಳುವಷ್ಟೇ ಸಲೀಸಾಗಿ. "ನಮ್ಮ ಫರ್ನಿಚರ್ ಅಂಗಡಿಯವ್ರು ತಾತನ ಕಾರು ಕೇಳ್ತಿದಾರೆ. ಅಂಗಡಿ ಮುಂದೆ ನಿಲ್ಲಿಸ್ತಾರಂತೆ. ಬಾನೆಟ್ ತೆಗೆದು, ಒಳಗೆ ಮಣ್ಣು ತುಂಬಿ, ಹೂವಿನ ಗಿಡ ನೆಡ್ತಾರಂತೆ. ಎಷ್ಟು ಚೆಂದ ಅಲ್ವಾ!"

ಟೇಲರಮ್ಮನ ಕೈಯ ತುತ್ತು ಕೈಯಲ್ಲೇ ಉಳಿಯಿತು. "ನಿನ್ನ ತಲೇಲಿ ನೆಡೋಕೆ ಹೇಳು. ಮಣ್ಣು ತುಂಬೋ ಕೆಲಸ ಉಳಿಯುತ್ತೆ."

"ಸಿಟ್ಯಾಕೆ ಅತ್ತಿಗೆ? ಏರು ಹತ್ತದ ಕಾರು ಇಟ್ಕೊಂಡು ಏನ್ಮಾಡ್ತೀರಿ?"

ಆ ಮಾತಿಗೆ ಎದುರಾಡುವಂತಿರಲಿಲ್ಲ. ಮನೆ ಇದ್ದದ್ದು ಕಡಿದಾದ ಒಂದು ಬೀದಿಯ ಬುಡದಲ್ಲಿ. ಬೀದಿಯ ತುದಿಯಲ್ಲಿ ಅತ್ತೆಯ ಅಕ್ಕನ ಮನೆ. ಭಾನುವಾರವೆಂದರೆ ಮನೆಮಂದಿಯೆಲ್ಲ ಅಲ್ಲಿಗೆ ಊಟಕ್ಕೆ. ಅಷ್ಟೂ ಜನರನ್ನು ಹೊತ್ತ ತಾತನ ಕಾರು ಇಸ್ತ್ರಿ ಅಂಗಡಿಯ ತನಕ ಗುರ್ರೆನ್ನುತ್ತ ಹೋಗಿ, ಅಲ್ಲಿ ಕೆಮ್ಮಿ, ನಿಂತುಬಿಡುತ್ತಿತ್ತು. ಎಲ್ಲರೂ ಇಳಿದು ನಡೆಯಬೇಕು. ಮಂಡಿ ನೋವಿನ ಅತ್ತೆಗಾಗಿ ಡಿಕ್ಕಿಯಲ್ಲಿ ಒಂದು ಮಡಚುವ ಸ್ಟೂಲು ಕಾಯಂ ಇತ್ತು. ಅವರು ನಾಲ್ಕು ಹೆಜ್ಜೆಗೊಮ್ಮೆ ಬೀದಿಯಲ್ಲೇ ಸ್ಟೂಲು ಹಾಕಿಸಿಕೊಂಡು ಕೂತು, ಹೋಗಿಬರುವವರ ಕ್ಷೇಮ ವಿಚಾರಿಸುತ್ತ, ಊಟ ಆರುವ ಹೊತ್ತಿಗೆ ಅಕ್ಕನ ಮನೆ ಮುಟ್ಟುತ್ತಿದ್ದರು.

ಎಲ್ಲರ ಕಣ್ಣೂ ಅತ್ತೆಯ ಕಡೆ ತಿರುಗಿತು. ಶೆಡ್ಡು ಅವರದು, ಮನೆ ಅವರದು, ಮಾತು ಅವರದು.

ಅತ್ತೆ ಬಾಯಿ ಒರೆಸಿಕೊಂಡು ತೀರ್ಪು ಕೊಟ್ಟರು. "ಮುಂದಿನ ಭಾನುವಾರ ಬೇಡ, ಅದರಾಚೆ ಭಾನುವಾರ. ಎಲ್ಲರೂ ಕೂತಿರ್ಬೇಕು, ಯಾರೂ ಇಳೀಬಾರ್ದು, ಯಾರೂ ತಳ್ಳಬಾರ್ದು. ಅಕ್ಕನ ಗೇಟಿನ ತನಕ ಹೋದ್ರೆ ಕಾರು ಇರ್ಲಿ. ಹೋಗದಿದ್ರೆ ಹೂವಿನ ಗಿಡ."

"ಸರಿ" ಎಂದ ಮೈದುನ, ಆಗಲೇ ಗೆದ್ದವನಂತೆ ಇನ್ನೊಂದು ಸಲ ಬಡಿಸಿಕೊಳ್ಳುತ್ತ. ಭಾರ ಹೆಚ್ಚಾದಷ್ಟೂ ಅವನಿಗೇ ಲಾಭ.

ಮೆಕ್ಯಾನಿಕ್‌ಗೆ ಬೀದಿಯವರು ಇಟ್ಟ ಹೆಸರು ಆಯ್ತುಬಿಡಿ. ಎಂಜಿನ್ ಸುಟ್ಟುಹೋಗಿದೆ ಎಂದರೂ "ಆಯ್ತು ಬಿಡಿ", ಬ್ರೇಕ್ ಹಿಡಿಯುತ್ತಿಲ್ಲ ಎಂದರೂ "ಆಯ್ತು ಬಿಡಿ" ಎನ್ನುತ್ತಿದ್ದ. ಕೆಲಸ ಯಾವಾಗ ಆಗುತ್ತದೆ ಎನ್ನುವುದು ಬೇರೆ ಮಾತು. ಬಂದವನು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಹಿಂದಿನ ಎರಡು ಚಕ್ರಗಳ ನಡುವಿನ ಕಬ್ಬಿಣದ ಬುರುಡೆಗೆ ಚಪ್ಪಲಿಯಿಂದ ಮೆಲ್ಲಗೆ ಒದ್ದ.

"ಎಂಜಿನ್ ಗಟ್ಟಿಮುಟ್ಟಾಗಿದೆ ಅಕ್ಕಾ. ಸಮಸ್ಯೆ ಈ ಡಿಫರೆನ್ಷಿಯಲ್‌ದು. ಒಳಗೆ ಒಂದು ಚಿಕ್ಕ ಹಲ್ಲಿನ ಗಾಲಿ, ಒಂದು ದೊಡ್ಡದು. ಎಂಜಿನ್ ಕಡೆಯಿಂದ ಬರೋ ಉದ್ದ ಶಾಫ್ಟು ಚಿಕ್ಕದನ್ನ ತಿರುಗಿಸುತ್ತೆ, ಅದು ದೊಡ್ಡದನ್ನ, ದೊಡ್ಡದು ಚಕ್ರನ. ಒಂದು ಸುತ್ತು ಚಕ್ರಕ್ಕೆ ಶಾಫ್ಟು ಜಾಸ್ತಿ ತಿರುಗಿದಷ್ಟೂ ಏರಲ್ಲಿ ಬಲ ಜಾಸ್ತಿ, ಓಟ ಕಮ್ಮಿ. ನಿಮ್ಮದು ಬಯಲಲ್ಲಿ ಓಡೋ ಲೆಕ್ಕದ್ದು ಅನ್ಸುತ್ತೆ. ಮೊದ್ಲು ಇದು ಯಾವ್ದು ಅಂತ ಪತ್ತೆ ಮಾಡಿಡಿ. ನಾನು ಸಂಜೆ ಬರ್ತೀನಿ. ಆಯ್ತು ಬಿಡಿ."

ಪತ್ತೆ ಮಾಡುವ ಹೊಣೆಯನ್ನು ಗಂಡ ಹೊತ್ತುಕೊಂಡ. ಕನ್ನಡಕದ ಅಂಗಡಿಯವನು. ಜನರ ಕಣ್ಣಿನ ಅಳತೆ ತೆಗೆದು ತೆಗೆದು, ಅಳತೆ ಅಂದರೆ ತಾನೇ ಎನ್ನುವ ಭರವಸೆ ಅವನಿಗೆ. ಒಂದು ಚಕ್ರವನ್ನು ಜಾಕ್ ಕೊಟ್ಟು ಎತ್ತಿ, ಗೇರ್ ಬಿಡಿಸಿ, ಹಳೇ ಹೊದಿಕೆ ಹಾಸಿ, ಟೇಲರಮ್ಮನನ್ನು ಬದಿಯಲ್ಲಿ ಮಲಗಿಸಿದ. ಅವಳು ಬಟ್ಟೆಗೆ ಗುರುತು ಹಾಕುವ ಚಾಕಿನಿಂದ ಶಾಫ್ಟಿನ ಮೇಲೊಂದು ಗೆರೆ ಎಳೆದಳು.

"ಚಕ್ರ ಒಂದು ಸುತ್ತು ತಿರುಗಿಸ್ತೀನಿ. ನಿನ್ನ ಗೆರೆ ಎಷ್ಟು ಸುತ್ತು ಬಂತು ಹೇಳು."

"ಎರಡು. ಎರಡಕ್ಕಿಂತ ಕೂದಲೆಳೆ ಜಾಸ್ತಿ."

ಗಂಡ ಫೋನು ತೆಗೆದು ಹುಡುಕಿದ. ಹುಡುಕುತ್ತ ಹುಡುಕುತ್ತ ಅವನ ಹುಬ್ಬು ಹಣೆಯ ಮೇಲಕ್ಕೆ ಹೋಯಿತು. "ಏ, ಎರಡು ಅಂದ್ರೆ ಭಯಂಕರ ಓಟದ ಗಾಡಿ ಕಣೇ! ನಿಮ್ಮಪ್ಪ ರೇಸಿಗೆ ಹೋಗ್ತಿದ್ರಾ?"

"ನಮ್ಮಪ್ಪ ತರಕಾರಿ ತರೋಕೆ ಹೋಗ್ತಿದ್ರು."

"ಗುಟ್ಟಾಗಿ ಹೋಗ್ತಿದ್ರೇನೋ. ಗಂಡಸರ ವಿಷಯ ನಿಂಗೊತ್ತಾಗಲ್ಲ."

ಅಂದು ಮಧ್ಯಾಹ್ನವಿಡೀ ಅವಳಿಗಳು ತಾತ ರೇಸ್ ಗೆದ್ದ ಕತೆಯನ್ನು ಬೀದಿಗೆಲ್ಲ ಹಂಚಿ ಬಂದರು. ಸಂಜೆ ಬಂದ ಆಯ್ತುಬಿಡಿ ಗೋಡೆಗೆ ಒರಗಿ ನಗುವಷ್ಟು ನಕ್ಕ.

"ಸಾರ್, ಇನ್ನೊಂದು ಚಕ್ರ ನೆಲದ ಮೇಲೇ ಇತ್ತಲ್ಲ? ಡಿಫರೆನ್ಷಿಯಲ್ ಇರೋದೇ ಅದಕ್ಕೆ. ತಿರುವಿನಲ್ಲಿ ಒಳಗಿನ ಚಕ್ರ ನಿಧಾನ, ಹೊರಗಿಂದು ಜೋರು, ಇಬ್ಬರಿಗೂ ಜಗಳ ಆಗಬಾರ್ದು ಅಂತ. ಒಂದು ಚಕ್ರ ನಿಂತುಬಿಟ್ರೆ ಇನ್ನೊಂದು ಇಬ್ಬರ ಸುತ್ತೂ ಸೇರಿಸಿ ತಿರುಗ್ಬೇಕು. ಇದನ್ನ ಎರಡು ಸುತ್ತು ತಿರುಗಿಸಿದ್ರೆ ಮಾತ್ರ ಲೆಕ್ಕ ಸರಿ."

"ಒಬ್ರು ನಿಂತ್ರೆ ಇನ್ನೊಬ್ರು ಡಬಲ್ ತಿರುಗ್ಬೇಕು" ಎಂದಳು ಟೇಲರಮ್ಮ, ಗಂಡನ ಮುಖವನ್ನೇ ನೋಡುತ್ತ. "ಇದು ನಂಗೆ ಹೇಗೆ ಹೊಳೀಲಿಲ್ಲ ಅಂತೀನಿ!"

ಗಂಡ ಎರಡು ಸುತ್ತು ತಿರುಗಿಸಿದ. ಗೆರೆ ನಾಲ್ಕು ಸುತ್ತು ಬಂದು ಒಂಚೂರು ಮುಂದೆ ನಿಂತಿತು. ತಾತನ ರೇಸಿನ ಕತೆ ಅಲ್ಲಿಗೆ ಮುಗಿಯಿತು. ಅವಳಿಗಳಿಗೆ ಮಾತ್ರ ಅದನ್ನು ಯಾರೂ ಹೇಳಲಿಲ್ಲ.

ಮಾರನೆಯ ದಿನ ಆಯ್ತುಬಿಡಿ ಗುಜರಿಯಿಂದ ಇನ್ನೊಂದು ಡಿಫರೆನ್ಷಿಯಲ್ ಹೊತ್ತು ತಂದ. ಅದೇ ಕಂಪನಿಯ ಹಳೆಯ ಸಾಮಾನು ಸಾಗಿಸುವ ವ್ಯಾನಿನದು. ಹಲ್ಲು ಎಣಿಸಿದರೆ ಹೆಚ್ಚುಕಮ್ಮಿ ಐದು ಸುತ್ತಿನ ಲೆಕ್ಕ. "ಇದು ಕೂತ್ಕೊಂಡ್ರೆ ನಿಮ್ಮ ಕಾರು ಗೋಡೆ ಹತ್ತುತ್ತೆ" ಎಂದ. ನಾಲ್ಕು ಸಂಜೆ ಅವನೂ ಟೇಲರಮ್ಮನೂ ಎಣ್ಣೆ, ಮಸಿ, ಬೋಲ್ಟುಗಳ ನಡುವೆ ಕಳೆದರು. ಅವಳ ಒಂದು ಕೈಯಲ್ಲಿ ಸ್ಪ್ಯಾನರ್, ಇನ್ನೊಂದರಲ್ಲಿ ಗಿರಾಕಿಗಳ ಫೋನು. "ಹ್ಞೂಂ, ಬ್ಲೌಸ್ ನಾಳೆ ಕೊಡ್ತೀನಿ. ಅದೇನು ಸದ್ದಾ? ಹೊಲಿಗೆ ಮಿಷನ್ ರಿಪೇರಿ ನಡೀತಿದೆ." ಗಂಡ ಬಿಚ್ಚಿದ ಬೋಲ್ಟುಗಳನ್ನೆಲ್ಲ ಕನ್ನಡಕ ಒರೆಸುವ ಬಟ್ಟೆಯಿಂದ ಒರೆಸಿ ಸಾಲಾಗಿ ಜೋಡಿಸಿದ. ಆಯ್ತುಬಿಡಿ ಅವುಗಳಲ್ಲಿ ಮುಖ ನೋಡಿಕೊಂಡು ಕ್ರಾಪು ತಿದ್ದಿಕೊಂಡ.

ಹೊಸ ಬುರುಡೆ ಕೂರಿಸುವ ಸಂಜೆ ಅವನೊಂದು ಮಾತು ಹೇಳಿದ. "ಅಕ್ಕಾ, ಇದರ ಮುಖ ದುಂಡಗಿದೆ, ಸುತ್ತ ಬೋಲ್ಟು. ಹೇಗೆ ಹಿಡಿದ್ರೂ ಕೂತ್ಕೊಳ್ಳುತ್ತೆ. ಮೇಲೆ ಕೆಳಗೆ ತಪ್ಪಬಾರ್ದು. ಹಳೇದು ಹೇಗಿತ್ತೋ ಹಾಗೇ ನೋಡಿ, ಇದರ ಮೇಲೆ ಒಂದು ಬಾಣದ ಗುರುತು ಹಾಕಿಡಿ. ನಾನು ಟೀ ಕುಡ್ದು ಬರ್ತೀನಿ."

ಟೇಲರಮ್ಮ ಹಳೆಯದನ್ನೂ ಹೊಸದನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು, ತಿರುಗಿಸಿ, ಹೊರಳಿಸಿ, ಎರಡೂ ಒಂದೇ ಭಂಗಿಗೆ ಬಂದ ಮೇಲೆ ಹೊಸದರ ಮೇಲೆ ನೀಟಾಗಿ ಒಂದು ಬಾಣ ಬರೆದಳು. ಬಾಣ ಬರೆಯುವುದು ಅವಳಿಗೆ ಹೊಸದಲ್ಲ. ದಿನಕ್ಕೆ ಎಷ್ಟು ಬರೆಯುತ್ತಿದ್ದಳೋ.

ಆಯ್ತುಬಿಡಿ ಟೀ ಕುಡಿದು ಬಂದ, ಬಾಣ ನೋಡಿದ, "ಆಯ್ತು ಬಿಡಿ" ಎಂದ. ಬೋಲ್ಟು ಬಿಗಿಯಿತು, ಎಣ್ಣೆ ಬಿತ್ತು. ಹಿಂದಿನ ಚಕ್ರಗಳನ್ನು ಎತ್ತಿ, ಎಂಜಿನ್ ಚಾಲೂ ಮಾಡಿ, ಗೇರ್ ಹಾಕಿದರು. ಚಕ್ರ ತಿರುಗಿತು! ಅವಳಿಗಳು ಕುಣಿದರು, ಗಂಡ ಚಪ್ಪಾಳೆ ತಟ್ಟಿದ, ಅತ್ತೆ ಕಿಟಕಿಯಿಂದ ಇಣುಕಿ ಎಲ್ಲರನ್ನೂ ಊಟಕ್ಕೆ ಕರೆದರು. ಯಾವ ಕಡೆಗೆ ತಿರುಗಿತು ಎಂದು ನೋಡುವ ಪುರುಸೊತ್ತು ಯಾರಿಗೂ ಇರಲಿಲ್ಲ.

ಭಾನುವಾರ ಬಂತು. ಮೈದುನ ಬೆಳಗಿನಿಂದ ಬಾಯಾಡಿಸುತ್ತಲೇ ಇದ್ದ. ಅದು ಸಾಲದೆಂದು ಒಂದು ಚೀಲ ಬೇರೆ ತಂದು ಕಾಲಡಿ ಇಟ್ಟುಕೊಂಡ.

"ಏನೋ ಅದು?" ಎಂದಳು ಟೇಲರಮ್ಮ.

"ದೊಡ್ಡಮ್ಮಂಗೆ ಅಕ್ಕಿ."

"ಎಂದೂ ಕಡ್ಡಿ ತಗೊಂಡು ಹೋಗದವ್ನು ಇವತ್ತು ಅಕ್ಕಿ ಮೂಟೆ ತಗೊಂಡು ಹೊರಟ."

"ಪ್ರೀತಿ ಅತ್ತಿಗೆ, ಪ್ರೀತಿ."

ಅತ್ತೆ ಮುಂದಿನ ಸೀಟಿನಲ್ಲಿ ನ್ಯಾಯಾಧೀಶರಂತೆ ಕೂತರು. ಹಿಂದೆ ಗಂಡ, ಮೈದುನ, ಅವರ ತೊಡೆಯ ಮೇಲೊಬ್ಬೊಬ್ಬಳು ಅವಳಿ. ಶೆಡ್ಡಿನ ಬಾಗಿಲಲ್ಲಿ ಆಯ್ತುಬಿಡಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಿಂತಿದ್ದ. ಟೇಲರಮ್ಮ ಉಸಿರು ಬಿಗಿಹಿಡಿದು ಮೊದಲನೇ ಗೇರ್ ಹಾಕಿ ಕ್ಲಚ್ ಬಿಟ್ಟಳು.

ಕಾರು ಹಿಂದಕ್ಕೆ ಹೋಯಿತು.

ಹೋಗಿ ಹಿಂದಿನ ಗೋಡೆಯ ಬಕೆಟ್ಟುಗಳನ್ನೆಲ್ಲ ಉರುಳಿಸಿತು. "ಗೇರ್ ತಪ್ಪಿರ್ಬೇಕು" ಎಂದು ಎರಡನೆಯದು ಹಾಕಿದಳು. ಕಾರು ಮತ್ತೆ ಹಿಂದಕ್ಕೆ ನುಗ್ಗಿ ಏಣಿಯನ್ನು ಕೆಡವಿತು. ರಿವರ್ಸ್ ಹಾಕಿದಳು. ಕಾರು ಮರ್ಯಾದಸ್ಥನಂತೆ ಮುಂದಕ್ಕೆ ಬಂದು ಶೆಡ್ಡಿನ ಬಾಗಿಲಲ್ಲಿ ನಿಂತಿತು.

ಆಯ್ತುಬಿಡಿ "ಆಯ್ತು..." ಎಂದವನು ಮುಂದಿನ ಮಾತು ಹುಡುಕುತ್ತ ನಿಂತ. ಆಮೇಲೆ ಹಣೆ ಚಚ್ಚಿಕೊಂಡ. "ಅಕ್ಕಾ, ಬುರುಡೆ ತಲೆಕೆಳಗಾಗಿ ಕೂತಿದೆ! ದೊಡ್ಡ ಗಾಲಿ ಆ ಕಡೆಗೆ ಹೋಗಿ ಎಲ್ಲ ಉಲ್ಟಾ ತಿರುಗ್ತಿದೆ. ನೀವು ಬಾಣ ಹಾಕಿದ್ರಲ್ಲ, ಅದರ ಪ್ರಕಾರನೇ ಕೂರಿಸ್ದೆ. ಬಾಣದ ಮೂತಿ ಆಕಾಶಕ್ಕೆ!"

"ಆಕಾಶಕ್ಕಾ?" ಟೇಲರಮ್ಮನ ದನಿ ಕೀರಲಾಯಿತು. "ಬಾಣದ ಮೂತಿ ಯಾವತ್ತೂ ಅಂಚಿನ ಕಡೆ ಅಲ್ವೇನೋ! ಲಂಗ ಆಗ್ಲಿ ಅಂಗಿ ಆಗ್ಲಿ, ಬಾಣ ಎಲ್ಲಿ ನೋಡುತ್ತೋ ಅದೇ ಕೆಳಗೆ. ಇಷ್ಟು ವರ್ಷ ಹೊಲಿದಿದೀನಿ, ಬಾಣ ಕತ್ತಿನ ಕಡೆ ಬರೆಯೋ ದರ್ಜಿನ ನಾನು ಕಂಡಿಲ್ಲ."

"ಡಬ್ಬದ ಮೇಲೆ, ಪೆಟ್ಟಿಗೆ ಮೇಲೆ ಬಾಣ ಇದ್ರೆ 'ಈ ಕಡೆ ಮೇಲೆ' ಅಂತ ಅಲ್ವೇನಕ್ಕಾ? ಲೋಕವೆಲ್ಲ ಹಂಗೇ!"

"ಇದೇನು ಬಿಸ್ಕತ್ತಿನ ಪೆಟ್ಟಿಗೆಯಾ?"

"ಲಂಗನೂ ಅಲ್ವಲ್ಲ!"

ಹಿಂದಿನ ಸೀಟಿನಲ್ಲಿ ಮೈದುನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. "ಅಯ್ಯೋ, ಸಾಕು ಅತ್ತಿಗೆ! ನಾಲ್ಕು ಗೇರು ಹಿಂದಕ್ಕೆ, ಒಂದು ಮುಂದಕ್ಕೆ! ಹೂವಿನ ಗಿಡ ಯಾವ ಬಣ್ಣದ್ದು ಬೇಕು ಹೇಳಿ, ಅಂಗಡಿಯವ್ರಿಗೆ ಹೇಳ್ತೀನಿ." ಬಿಚ್ಚಿ ತಿರುಗಿಸಿ ಕೂರಿಸಲು ಒಂದು ದಿನ ಬೇಕು. ಇಳಿಯೋಣ ಎಂದು ಗಂಡ ಬಾಗಿಲಿಗೆ ಕೈ ಹಾಕಿದ.

ಟೇಲರಮ್ಮ ಇಳಿಯಲಿಲ್ಲ. ಸ್ಟೀರಿಂಗಿನ ಮೇಲೆ ಕೈಯಿಟ್ಟು, ಧೂಳು ಹಿಡಿದ ಗಾಜಿನಾಚೆ ನೋಡುತ್ತ ಕೂತಳು. ನಾಳೆಯಿಂದ ಟೀ ಎಲ್ಲಿ ಕುಡಿಯುವುದು? ಬಚ್ಚಲಲ್ಲಾ? ಬಾನೆಟ್ಟಿನೊಳಗೆ ಸೇವಂತಿಗೆ ನೆಟ್ಟು, ಈ ಸೀಟಿನ ಮೇಲೆ ಯಾರೋ ನೀರಿನ ಪೈಪು ಎಸೆದು...

"ಲೋ" ಎಂದು ಕರೆದಳು ಆಯ್ತುಬಿಡಿಯನ್ನು. "ಗೇರುಗಳಲ್ಲಿ ಎಲ್ಲಕ್ಕಿಂತ ಬಲ ಯಾವುದಕ್ಕೆ? ಒಂದನೇದಕ್ಕಾ?"

"ಒಂದನೇದಕ್ಕೆ... ಅಲ್ಲಲ್ಲ. ಈ ಕಾರಲ್ಲಿ ರಿವರ್ಸಿಗೇ ಅಕ್ಕಾ. ಒಂದನೇದಕ್ಕಿಂತ ಒಂದು ಕೈ ಮೇಲೆ. ಓಟ ಇರಲ್ಲ, ಆದ್ರೆ..." ಹೇಳುತ್ತ ಹೇಳುತ್ತ ಅವನ ಬಾಯಿ ಅಗಲವಾಯಿತು. "ಆಯ್ತು ಬಿಡಿ!"

"ಬಾಗಿಲು ಹಾಕ್ರಿ" ಎಂದಳು ಗಂಡನಿಗೆ.

ರಿವರ್ಸ್ ಗೇರಿನಲ್ಲಿ ತಾತನ ಕಾರು ಮೂತಿ ಮುಂದಿಟ್ಟುಕೊಂಡು ಬೀದಿಗೆ ಇಳಿಯಿತು. ಕೊಂಯ್ ಎನ್ನುವ ಸದ್ದು, ಸೊಳ್ಳೆಗೆ ಮೈಕು ಕಟ್ಟಿದ ಹಾಗೆ. ವೇಗವೋ, ಚೀಲ ಹಿಡಿದು ನಡೆಯುತ್ತಿದ್ದ ಅಜ್ಜಿಯೊಬ್ಬರು ಪಕ್ಕದಲ್ಲೇ ಬಂದು, ಕಿಟಕಿಯಲ್ಲಿ ಅತ್ತೆಯ ಯೋಗಕ್ಷೇಮ ಕೇಳಿ, ಉತ್ತರವನ್ನೂ ಪೂರ್ತಿ ಕೇಳಿಸಿಕೊಂಡು ಮುಂದೆ ಹೋದರು. ಆದರೆ ಕಾರು ಏರುತ್ತಿತ್ತು. ಹಾಲಿನಂಗಡಿ ದಾಟಿತು. ಇಸ್ತ್ರಿ ಅಂಗಡಿ ಹತ್ತಿರ ಬಂತು. ಇಸ್ತ್ರಿಯವನು ಅಭ್ಯಾಸಬಲದಿಂದ ಪೆಟ್ಟಿಗೆ ಬದಿಗಿಟ್ಟು ತಳ್ಳಲು ಹೊರಗೆ ಬಂದ. "ಮುಟ್ಟಬೇಡಿ!" ಎಂದು ಒಳಗಿನಿಂದ ಅವಳಿಗಳು ಕಿರುಚಿದರು. ಅವನು ಕೈ ಮೇಲೆತ್ತಿಕೊಂಡು ಗೋಡೆಗೆ ಅಂಟಿದ. ಕಾರು ಕೆಮ್ಮಲಿಲ್ಲ. ದಾಟಿತು.

ಅಷ್ಟರಲ್ಲಿ ಹಿಂದಿನಿಂದ ಹಾರ್ನ್ ಕೇಳಿತು. ಕೊರಿಯರ್ ವ್ಯಾನೊಂದು. ರಿವರ್ಸ್ ಗೇರ್ ಬಿದ್ದದ್ದರಿಂದ ತಾತನ ಕಾರಿನ ಹಿಂಬದಿಯಲ್ಲಿ ಬಿಳಿ ದೀಪ ಝಗಝಗಿಸುತ್ತಿತ್ತು. ಈ ಮುದಿ ಕಾರು ಇನ್ನೇನು ತನ್ನ ಮೇಲೆ ಬಂದು ಕೂರುತ್ತದೆ ಎಂದು ಆ ಡ್ರೈವರ್ ಹಾರ್ನ್ ಒತ್ತುತ್ತ ಹಿಂದಕ್ಕೆ ಸರಿದ. ಇನ್ನಷ್ಟು ಸರಿದ. ಇವರು ಮೇಲಕ್ಕೆ ಹೋದಷ್ಟೂ ಅವನು ಕೆಳಕ್ಕೆ.

"ಪಾಪ, ಅವ್ನಿಗೆ ಏನೋ ಮರ್ತುಹೋಗಿರ್ಬೇಕು" ಎಂದರು ಅತ್ತೆ, ಕತ್ತು ಹೊರಳಿಸಿ ನೋಡಿ.

ತುದಿಯ ಕಡಿದಾದ ಏರು ಬಂತು. ಎಂಜಿನ್ನಿನ ಸದ್ದು ಭಾರವಾಯಿತು. ಟೇಲರಮ್ಮ ತಾನೇ ಮುಂದಕ್ಕೆ ಬಾಗಿ ಸ್ಟೀರಿಂಗನ್ನು ಎಳೆಯುವವಳಂತೆ ಹಿಡಿದಿದ್ದಳು. ಮೈದುನ ಸೀಟಿನಲ್ಲಿ ಇನ್ನಷ್ಟು ಕುಸಿದು ಭಾರ ಬಿಟ್ಟ. "ಉಬ್ಬಬೇಡವೋ!" ಎಂದಳು ಕನ್ನಡಿಯಲ್ಲಿ ನೋಡಿ. ಗಂಡ ಕಣ್ಣು ಮುಚ್ಚಿ ತಮ್ಮನ ಅಕ್ಕಿ ಚೀಲವನ್ನು ಎರಡೂ ಕಾಲಿನಿಂದ ಗಾಳಿಯಲ್ಲಿ ಎತ್ತಿ ಹಿಡಿದಿದ್ದ. ಅದರಿಂದ ಕಾರಿನ ಭಾರ ಕಡಿಮೆಯಾಗುವುದಿಲ್ಲವೆಂದು ಹೇಳಲು ಯಾರಿಗೂ ಮನಸ್ಸು ಬರಲಿಲ್ಲ. ಕೊಂಯ್, ಕೊಂಯ್, ಕೊಂಯ್. ದೊಡ್ಡಮ್ಮನ ಹಸಿರು ಗೇಟು ಬಾನೆಟ್ಟಿನ ಮೇಲಿಂದ ಮೆಲ್ಲಗೆ ಎದ್ದು ಬಂತು.

ಟೇಲರಮ್ಮ ಎಂಜಿನ್ ಆರಿಸಿ ಸ್ಟೀರಿಂಗಿನ ಮೇಲೆ ಹಣೆಯಿಟ್ಟಳು.

"ಇದು ಲೆಕ್ಕಕ್ಕಿಲ್ಲ!" ಮೈದುನ ಎದ್ದು ಕೂತ. "ರಿವರ್ಸಲ್ಲಿ ಬಂದದ್ದು! ಅಮ್ಮ, ನೀನೇ ಹೇಳು."

ಅತ್ತೆ ನಿಧಾನವಾಗಿ ಸೆರಗು ಸರಿಮಾಡಿಕೊಂಡರು. "ಯಾರಾದ್ರೂ ಇಳಿದ್ರಾ?"

"ಇಲ್ಲ, ಆದ್ರೆ..."

"ಯಾರಾದ್ರೂ ತಳ್ಳಿದ್ರಾ?"

"ಅದು ಸರಿ, ಆದ್ರೆ ಗೇರು..."

"ಗೇರಿನ ವಿಷಯ ನಾನು ಎತ್ತಿರ್ಲಿಲ್ಲ. ಎಷ್ಟು ವರ್ಷದ ಮೇಲೆ ಬಿಸಿ ಅನ್ನ ಉಣ್ತೀನಿ ಇವತ್ತು. ಶೆಡ್ಡು ಕಾರಿಗೆ. ನಿನ್ನ ಹೊಸದನ್ನ ಬೀದೀಲಿ ನಿಲ್ಲಿಸ್ಕೋ, ಮಳೆ ಬಂದ್ರೆ ತೊಳೆಯೋ ಕೆಲ್ಸ ಉಳಿಯುತ್ತೆ. ಅಕ್ಕಿ ಚೀಲ ತಗೊಂಡು ಇಳಿ."

ಅತ್ತೆ ಇಳಿಯುವಾಗ ಅವರ ಮಡಿಲಿನಿಂದ ಒಂದು ಚೂರು ಜಾರಿ ಸೀಟಿನ ಮೇಲೆ ಬಿತ್ತು. ಟೇಲರಮ್ಮ ಎತ್ತಿ ನೋಡಿದಳು. ಒಣಗಿದ ಕಿತ್ತಳೆ ಸಿಪ್ಪೆ. ಅತ್ತೆಯೂ ನೋಡಿದರು.

"ಮಧ್ಯಾಹ್ನ ನೀನು ಹೊಲಿಗೆಗೆ ಕೂತ್ಮೇಲೆ" ಎಂದರು ಅತ್ತೆ, ಗಂಟಲು ಸರಿಮಾಡಿಕೊಂಡು, "ನಾನೂ ಸ್ವಲ್ಪ ಬ್ಯಾಟರಿ ನೋಡ್ಕೊಂಡು ಬರ್ತೀನಿ."

ಆ ವಾರ ಆಯ್ತುಬಿಡಿ ಡಿಫರೆನ್ಷಿಯಲ್ ಬಿಚ್ಚಿ ತಿರುಗಿಸಿ ಕೂರಿಸಿದ. ಈ ಸಲ ಬಾಣ ಬರೆಯಲು ಯಾರೂ ಒಪ್ಪದೆ, ಒಂದು ತುದಿಗೆ "ಮೇಲೆ", ಇನ್ನೊಂದಕ್ಕೆ "ಕೆಳಗೆ" ಎಂದು ಅವಳಿಗಳ ಕೈಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆಸಿದರು. ಈಗ ಕಾರು ಮುಂದಿನ ಗೇರಿನಲ್ಲೇ ಮುಂದಕ್ಕೆ ಹೋಗುತ್ತದೆ. ಏರನ್ನೂ ಹತ್ತುತ್ತದೆ, ಸೊಳ್ಳೆಯ ಸದ್ದಿಲ್ಲದೆ. ಸ್ಟೂಲು ಡಿಕ್ಕಿಯಿಂದ ಅಡುಗೆಮನೆಗೆ ಬಂದಿದೆ.

ಮಧ್ಯಾಹ್ನದ ಟೀಗೆ ಟೇಲರಮ್ಮ ಮುಂದಿನ ಸೀಟಿನಲ್ಲಿ ಕಾಲು ಚಾಚುತ್ತಾಳೆ. ಹಿಂದಿನ ಸೀಟಿನಲ್ಲಿ ಅತ್ತೆ. ಮಾತಿಲ್ಲ ಕತೆಯಿಲ್ಲ. ಮನೆಯೊಳಗಿನಿಂದ "ಅಮ್ಮಾ" ಎಂದು ಒಂದು ಕೂಗು ಬರುತ್ತದೆ.

"ನಿನ್ನ ಮಕ್ಕಳಾ, ನನ್ನ ಮಗನಾ?" ಎನ್ನುತ್ತಾರೆ ಅತ್ತೆ ಕಣ್ಣು ತೆರೆಯದೆ.

"ನಿಮ್ಮ ಮಗ ಅನ್ಸುತ್ತೆ."

"ಹಾಗಾದ್ರೆ ಕೂಗ್ಲಿ ಬಿಡು. ಒಂದೆರಡು ಸುತ್ತು ಅವ್ನೂ ಜಾಸ್ತಿ ತಿರುಗ್ಲಿ."

ಸೀಟಿನ ಮೇಲಿಂದ ಸುಲಿದ ಕಿತ್ತಳೆಯ ಒಂದು ತೊಳೆ ಮುಂದಕ್ಕೆ ಬರುತ್ತದೆ.